ಬ್ರಿಟನ್‌ನ ಕೆರಿಬಿಯನ್ ಜನಕ್ಕೆ ಒಬ್ಬ ಮಾರ್ಟಿನ್ ಲೂಥರ್ ಕಿಂಗ್ ಯಾಕೆ ಇರ್ಲಿಲ್ಲ?

ಪ್ರಶ್ನೆ: ಹೋದ ಆಗಸ್ಟ್‌ನಲ್ಲಿ ಮಗಳ ಮನೆಗೆ ಅಂತ ಲಂಡನ್‌ಗೆ ಹೋದಾಗ ನಾಟಿಂಗ್ ಹಿಲ್ ಕಾರ್ನಿವಲ್ ನೋಡ್ದೆ ಸರ್. ಕುಣಿತ, ಡ್ರಮ್ಮು, ಊಟ ಎಲ್ಲಾ ಚೆನ್ನಾಗಿತ್ತು. ಇದು ಕಪ್ಪು ಜನರ ಹೋರಾಟದಿಂದ ಹುಟ್ಟಿದ್ದು ಅಂತ ಅಳಿಯ ಅಂದ್ರು, ಅದಕ್ಕಿಂತ ಜಾಸ್ತಿ ಅವರಿಗೂ ಗೊತ್ತಿಲ್ಲ. ವೆಸ್ಟ್ ಇಂಡೀಸ್‌ನಿಂದ ಬಂದ ಜನ ಅಲ್ಲಿ ಸಂಘಟನೆ ಕಟ್ಟಿದ್ದು ಹೇಗೆ? ಅಮೆರಿಕಾದೋರನ್ನ ನೋಡಿ ಮಾಡಿದ್ದಾ? ಕಿಂಗ್ ತರ ಒಬ್ಬ ದೊಡ್ಡ ಲೀಡರ್ ಹೆಸರು ಯಾಕೆ ನಾವು ಕೇಳಿಲ್ಲ? ನಮ್ಮ ಇಂಡಿಯಾದೋರು ಇದ್ರಲ್ಲಿ ಇದ್ರಾ?

ಉತ್ತರ: ನಿಮ್ಮ ಅಳಿಯ ಹೇಳಿದ್ದು ಸರಿ, ಆದ್ರೆ ಕಾರ್ನಿವಲ್ಲು ಈ ಕಥೆಯ ಮಧ್ಯದಲ್ಲಿ ಬರೋದು. ಮೊದ್ಲು ಲೀಡರ್ ಪ್ರಶ್ನೆ ತಗೊಳ್ತೀನಿ, ಅದು ಬಿಡಿಸಿದ್ರೆ ಉಳಿದಿದ್ದು ತಾನಾಗೇ ಅರ್ಥ ಆಗುತ್ತೆ.

ಅಮೆರಿಕಾದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಬಸ್ಸಲ್ಲಿ ಎಲ್ಲಿ ಕೂರ್ಬೇಕು, ಮಕ್ಕಳು ಯಾವ ಸ್ಕೂಲಿಗೆ ಹೋಗ್ಬೇಕು ಅನ್ನೋದು ಕಾನೂನಲ್ಲೇ ಬರೆದಿತ್ತು. ಬರೆದಿಟ್ಟ ಕಾನೂನನ್ನ ಸಾವಿರಾರು ಜನ ಸೇರಿ ಮುರೀಬಹುದು, ಕೋರ್ಟಿಗೆ ಎಳೀಬಹುದು, ರಾಜಧಾನಿಗೆ ಮೆರವಣಿಗೆ ಹೋಗಿ ರದ್ದು ಮಾಡಿ ಅಂತ ಕೇಳ್ಬಹುದು, ಅದಕ್ಕೆ ಮುಂದೆ ನಿಂತು ಮಾತಾಡೋಕೆ ಒಬ್ಬ ನಾಯಕನೂ ಬೇಕಾಗ್ತಾನೆ. ಬ್ರಿಟನ್‌ನಲ್ಲಿ ಹಂಗೆ ಬರೆದಿಟ್ಟ ಕಾನೂನೇ ಇರ್ಲಿಲ್ಲ. 1948ರ ನ್ಯಾಷನಾಲಿಟಿ ಆ್ಯಕ್ಟ್ ಪ್ರಕಾರ ಜಮೈಕಾದೋನೂ ಲಂಡನ್ನಿನೋನೂ ಕಾಗದದ ಮೇಲೆ ಸಮ. ಆದ್ರೆ ಮನೆ ಓನರು ಕಪ್ಪು ಜನಕ್ಕೆ ರೂಮ್ ಇಲ್ಲ ಅಂತ ಕಿಟಕಿಗೆ ಬೋರ್ಡ್ ನೇತುಹಾಕ್ಬಹುದಿತ್ತು, ಕಂಪನಿ ಕೆಲಸ ಇಲ್ಲ ಅಂತ ಮುಖದ ಮೇಲೇ ಹೇಳ್ಬಹುದಿತ್ತು, ಪಬ್‌ನೋನು ಆಚೆ ಕಳಿಸ್ಬಹುದಿತ್ತು. ಬಣ್ಣ ನೋಡಿ ಹಂಗೆ ಮಾಡಬಾರ್ದು ಅನ್ನೋ ಕಾನೂನು 1965ರ ತನಕ ಬರ್ಲೇ ಇಲ್ಲ, ಬಂದಾಗ್ಲೂ ಅದು ಹೋಟ್ಲು ಸಿನಿಮಾ ಬಸ್ಸು ಅಂತ ಸಾರ್ವಜನಿಕ ಜಾಗಕ್ಕೆ ಮಾತ್ರ, ಮನೆ ಬಾಡಿಗೆ ಮತ್ತೆ ನೌಕರಿ ಅದರೊಳಗೆ ಬಂದಿದ್ದು 1968ರಲ್ಲಿ. ಅಂದ್ರೆ ಮುರಿಯೋಕೆ ಒಂದು ಕಾನೂನಿಲ್ಲ, ಮುಚ್ಚಿದ ಬಾಗಿಲುಗಳು ಮಾತ್ರ ನೂರಾರು, ಒಂದೊಂದಕ್ಕೂ ಒಂದೊಂದು ಗುಂಪು ಹುಟ್ಕೊಳ್ತು, ಆಯಾ ಬೀದಿಯಲ್ಲಿ, ಆಯಾ ಊರಲ್ಲಿ. ಅದಕ್ಕೇ ನಿಮಗೆ ಒಂದು ದೊಡ್ಡ ಹೆಸರು ಸಿಗಲ್ಲ, ಇಪ್ಪತ್ತು ಮೂವತ್ತು ಸಿಗುತ್ವೆ. ನನ್ನ ಪ್ರಕಾರ ಇದು ಆ ಚಳವಳಿಯ ಕೊರತೆ ಅಲ್ಲ, ಅದರ ಸ್ವಭಾವನೇ ಅದು.

ಅಮೆರಿಕಾದ ಕಾಪಿನಾ ಅಂತ ಕೇಳಿದ್ರಿ. ಎಷ್ಟೋ ಕಡೆ ದಾರಿ ಉಲ್ಟಾ ಇದೆ ಸರ್. ಅಮೆರಿಕಾದ ಕಪ್ಪು ಚಳವಳಿಯ ದೊಡ್ಡ ದೊಡ್ಡ ಹೆಸರುಗಳನ್ನ ತೆಗೆದು ನೋಡಿ. ಮಾರ್ಕಸ್ ಗಾರ್ವಿ ಜಮೈಕಾದೋನು, 1914ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಏಮಿ ಆಶ್‌ವುಡ್ ಜೊತೆ ಸೇರಿ ಶುರು ಮಾಡಿದ ಸಂಘವನ್ನ ಆಮೇಲೆ ನ್ಯೂಯಾರ್ಕಿನ ಹಾರ್ಲೆಮ್‌ಗೆ ತಗೊಂಡು ಹೋಗಿ ಲಕ್ಷಗಟ್ಟಲೆ ಜನರದ್ದು ಮಾಡ್ದ. ಅವನಿಗಿಂತ ಮುಂಚೆ ಹಾರ್ಲೆಮ್ ಬೀದಿ ಮೂಲೆಯಲ್ಲಿ ನಿಂತು ಭಾಷಣ ಮಾಡ್ತಿದ್ದ ಹ್ಯೂಬರ್ಟ್ ಹ್ಯಾರಿಸನ್ ಸೇಂಟ್ ಕ್ರಾಯ್ ದ್ವೀಪದೋನು. ಮಾಲ್ಕಮ್ ಎಕ್ಸ್ ತಾಯಿ ಗ್ರೆನಡಾದೋರು. ಬ್ಲ್ಯಾಕ್ ಪವರ್ ಅಂತ ಘೋಷಣೆ ಕೂಗಿ ಹೆಸರಾದ ಸ್ಟೋಕ್ಲಿ ಕಾರ್ಮೈಕಲ್ ಹುಟ್ಟಿದ್ದು ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ. ಲಂಡನ್ನಲ್ಲಿ 1900ರ ಜುಲೈನಲ್ಲೇ ಪ್ಯಾನ್ ಆಫ್ರಿಕನ್ ಸಮ್ಮೇಳನ, ಅಂದ್ರೆ ಎಲ್ಲಾ ದೇಶದ ಕಪ್ಪು ಜನ ಒಂದಾಗ್ಬೇಕು ಅನ್ನೋ ಸಭೆ, ಕರೆದ ಹೆನ್ರಿ ಸಿಲ್ವೆಸ್ಟರ್ ವಿಲಿಯಮ್ಸ್ ಕೂಡ ಟ್ರಿನಿಡಾಡ್‌ನ ಲಾಯರ್ರೇ. 1931ರಲ್ಲಿ ಲೀಗ್ ಆಫ್ ಕಲರ್ಡ್ ಪೀಪಲ್ಸ್ ಶುರು ಮಾಡಿದ ಡಾಕ್ಟರ್ ಹೆರಾಲ್ಡ್ ಮೂಡಿ ಜಮೈಕಾದಿಂದ ಓದೋಕೆ ಬಂದು ಲಂಡನ್ನಿನ ಪೆಕಮ್‌ನಲ್ಲಿ ಕ್ಲಿನಿಕ್ ಇಟ್ಕೊಂಡಿದ್ದೋರು. ಸಣ್ಣ ದ್ವೀಪ, ಹೊಟ್ಟೆಪಾಡಿಗೆ ಊರು ಬಿಡ್ಬೇಕು, ಹೋದ ಕಡೆ ಗುಂಪು ಕಟ್ಬೇಕು, ಇದು ಆ ಜನಕ್ಕೆ ತಲೆಮಾರುಗಳಿಂದ ರೂಢಿ ಆಗಿತ್ತು, ಪನಾಮಾ ಕಾಲುವೆ ಅಗೆದೋರಲ್ಲೂ ಅವರೇ ಜಾಸ್ತಿ. ಅಮೆರಿಕಾದ ಪ್ರಭಾವ ಇತ್ತಪ್ಪ, ಇಲ್ಲ ಅನ್ನಲ್ಲ, ಅದು ಎಲ್ಲಿ ಬರುತ್ತೋ ಅಲ್ಲಿ ಹೇಳ್ತೀನಿ.

ಸರಿ, ಯುದ್ಧ ಮುಗಿದ ಮೇಲಿನ ಕಥೆ. 1948ರ ಜೂನ್ 22ಕ್ಕೆ ಎಂಪೈರ್ ವಿಂಡ್‌ರಶ್ ಅನ್ನೋ ಹಡಗಿಂದ ಟಿಲ್ಬರಿ ಬಂದರಿನಲ್ಲಿ ನೂರಾರು ವೆಸ್ಟ್ ಇಂಡಿಯನ್ನರು ಇಳಿದ್ರು, ಟಿಕೆಟ್ಟು ಸುಮಾರು 28 ಪೌಂಡು, ಅವತ್ತಿಗೆ ಅದು ಕಮ್ಮಿ ದುಡ್ಡಲ್ಲ. ಅದ್ರಲ್ಲಿ ಉಳ್ಕೊಳ್ಳೋಕೆ ಜಾಗ ಇಲ್ಲದ ಇನ್ನೂರಕ್ಕೂ ಹೆಚ್ಚು ಜನರನ್ನ ಕ್ಲಾಪಮ್ ಸೌತ್‌ನಲ್ಲಿ ಯುದ್ಧಕಾಲದಲ್ಲಿ ಬಾಂಬ್ ಭಯಕ್ಕೆ ನೆಲದಡಿ ತೋಡಿದ್ದ ಶೆಲ್ಟರ್‌ನಲ್ಲಿ ಮಲಗಿಸಿದ್ರು. ಅಲ್ಲಿಗೆ ಹತ್ತಿರದ ಉದ್ಯೋಗ ವಿನಿಮಯ ಕೇಂದ್ರ ಯಾವುದು ಅಂದ್ರೆ ಬ್ರಿಕ್ಸ್‌ಟನ್‌ನ ಕೋಲ್ಡ್‌ಹಾರ್ಬರ್ ಲೇನ್‌ನಲ್ಲಿ ಇದ್ದಿದ್ದು. ಕೆಲಸ ಕೇಳೋಕೆ ಅಲ್ಲಿಗೆ ನಡ್ಕೊಂಡು ಹೋದೋರು ಅಲ್ಲೇ ಸುತ್ತಮುತ್ತ ರೂಮ್ ಹುಡುಕಿದ್ರು, ಆಮೇಲೆ ಬಂದೋರು ಅವರ ಹತ್ರನೇ ಬಂದ್ರು. ಬ್ರಿಕ್ಸ್‌ಟನ್ ಕಪ್ಪು ಲಂಡನ್ನಿನ ಹೃದಯ ಆಗಿದ್ದು ಹಿಂಗೆ. ಯಾರೂ ಪ್ಲಾನ್ ಮಾಡಿದ್ದಲ್ಲ.

ಮೊದಲನೇ ಬಾಗಿಲು ಮನೆ. ಸಿಕ್ಕಿದ ರೂಮು ಒಂದು, ಅದ್ರಲ್ಲಿ ನಾಲ್ಕೈದು ಜನ, ಒಂದೇ ಪ್ಯಾರಾಫಿನ್ ಸ್ಟೌ, ಬಾಡಿಗೆ ಮಾತ್ರ ಬೇರೆಯೋರಿಗಿಂತ ಜಾಸ್ತಿ. ಮನೆ ಕೊಳ್ಳೋಣ ಅಂದ್ರೆ ಬ್ಯಾಂಕು ಸಾಲ ಕೊಡಲ್ಲ. ಆಗ ಅವರು ಊರಿಂದ ತಂದಿದ್ದ ಒಂದು ವ್ಯವಸ್ಥೆ ಆಚೆ ತೆಗೆದ್ರು, ಜಮೈಕಾದೋರು ಪಾರ್ಡ್‌ನರ್ ಅಂತಿದ್ರು, ಟ್ರಿನಿಡಾಡ್‌ನೋರು ಸೂಸು ಅಂತಿದ್ರು. ನಿಮಗೆ ವಿವರಿಸೋದೇ ಬೇಡ ಸರ್, ಅದು ನಮ್ಮ ಚೀಟಿನೇ. ಹತ್ತೋ ಇಪ್ಪತ್ತೋ ಜನ, ವಾರಕ್ಕೆ ಇಷ್ಟು ಅಂತ ಕಟ್ಟೋದು, ಪ್ರತಿ ವಾರ ಒಬ್ಬರಿಗೆ ಇಡೀ ಗಂಟು. ನಮ್ಮ ಕಡೆ ತರ ಚೀಟಿ ಕೂಗೋದು ಇಲ್ಲ, ಸರದಿ ಮುಂಚೇನೇ ಗೊತ್ತು, ಯಾರದ್ದಾದ್ರೂ ಮನೇಲಿ ತುರ್ತು ಬಂದ್ರೆ ಸರದಿ ಅದಲುಬದಲು ಮಾಡ್ಕೊಳ್ತಾರೆ ಅಷ್ಟೇ. ದುಡ್ಡು ಇಟ್ಕೊಳ್ಳೋರನ್ನ ಬ್ಯಾಂಕರ್ ಅಂತಿದ್ರು, ಬಹಳ ಕಡೆ ಅದು ಒಬ್ಬ ಹೆಂಗಸು, ಆಸ್ಪತ್ರೆಯಲ್ಲಿ ನರ್ಸೋ ಆಯಾನೋ ಆಗಿರೋ ಅಮ್ಮ, ಆಕೆಯ ಮಾತೇ ಬಾಂಡು. ಈ ಗಂಟಿಂದ ಮನೆಗೆ ಮುಂಗಡ ಕಟ್ಟಿದ್ರು, ಆ ಮನೇಲಿ ಒಂದು ರೂಮು ತಾವು ಇಟ್ಕೊಂಡು ಉಳಿದಿದ್ದನ್ನ ಹಡಗಿಂದ ಇಳಿದ ಮುಂದಿನೋರಿಗೆ ಕೊಟ್ರು. ಕೆಲವು ಕಡೆ ಇದೇ ಬೆಳೆದು ರಿಜಿಸ್ಟರ್ ಆದ ಕ್ರೆಡಿಟ್ ಯೂನಿಯನ್, ಅಂದ್ರೆ ಸದಸ್ಯರದ್ದೇ ಸಾಲದ ಸಹಕಾರ ಸಂಘ, ಕೂಡ ಆಯ್ತು, ಉತ್ತರ ಲಂಡನ್ನಿನ ಹಾರ್ನ್‌ಸಿಯಲ್ಲಿ 1964ರಲ್ಲಿ ಶುರುವಾಗಿದ್ದು ಅಂಥದ್ದೇ. ಇತಿಹಾಸದ ಪುಸ್ತಕದಲ್ಲಿ ಇದಕ್ಕೆ ಎರಡು ಸಾಲು ಸಿಕ್ರೆ ಹೆಚ್ಚು. ನನಗೇನೋ ಆಮೇಲೆ ಬಂದ ಎಲ್ಲಾ ಸಂಘಟನೆಯ ಬೇರು ಇಲ್ಲೇ ಅನ್ಸುತ್ತೆ, ಯಾಕಂದ್ರೆ ಯಾರನ್ನ ನಂಬಬಹುದು, ಯಾರು ಹೇಳಿದ ಮಾತಿಗೆ ನಿಲ್ತಾರೆ ಅಂತ ಜನಕ್ಕೆ ಗೊತ್ತಾಗಿದ್ದೇ ಇಲ್ಲಿ.

ಚರ್ಚ್ ಕಥೆನೂ ಹಂಗೇ. ಭಾನುವಾರ ಚರ್ಚಿಗೆ ಹೋದ್ರೆ ಪಾದ್ರಿನೇ ಕೈಕುಲುಕಿ, ಮುಂದಿನ ವಾರ ಬರ್ಬೇಡಿ, ಬೇರೆಯೋರಿಗೆ ಇಷ್ಟ ಆಗಲ್ಲ ಅಂದಿದ್ದನ್ನ ಆ ತಲೆಮಾರಿನ ಎಷ್ಟೋ ಜನ ನೆನಪಿಸ್ಕೊಂಡಿದಾರೆ. ಸರಿ ಬಿಡಿ ಅಂತ ತಮ್ಮ ಮುಂದಿನ ಕೋಣೆಯಲ್ಲೇ ಪ್ರಾರ್ಥನೆ ಶುರು ಮಾಡಿದ್ರು. 1953ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಜಮೈಕಾದ ಆಲಿವರ್ ಲೈಸೈಟ್ ಮತ್ತೆ ಕೆಲವರು ಬಾಡಿಗೆ ಹಾಲಲ್ಲಿ ಶುರು ಮಾಡಿದ ನ್ಯೂ ಟೆಸ್ಟಮೆಂಟ್ ಚರ್ಚ್ ಆಫ್ ಗಾಡ್ ಇವತ್ತು ದೇಶದ ದೊಡ್ಡ ಕಪ್ಪು ಚರ್ಚ್‌ಗಳಲ್ಲಿ ಒಂದು.

ಈಗ ನಿಮ್ಮ ಕಾರ್ನಿವಲ್. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ತೀನಿ, ಯಾಕಂದ್ರೆ ಕ್ಲೌಡಿಯಾ ಜೋನ್ಸ್ ಅನ್ನೋ ಹೆಂಗಸು ನನಗೆ ಬಹಳ ಇಷ್ಟ. 1915ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಹುಟ್ಟಿದ್ದು, ಚಿಕ್ಕೋಳಿದ್ದಾಗಲೇ ಮನೆಯೋರ ಜೊತೆ ನ್ಯೂಯಾರ್ಕಿಗೆ ಹೋದ್ಲು, ಬಡತನ, ತೇವ ಹಿಡಿದ ಮನೆ, ಹುಡುಗಿಯಾಗಿದ್ದಾಗಲೇ ಕ್ಷಯ ಬಂದು ಶ್ವಾಸಕೋಶ ಹಾಳಾಯ್ತು. ಅಲ್ಲಿ ಕಮ್ಯುನಿಸ್ಟ್ ಪಾರ್ಟಿಯಲ್ಲಿ ದೊಡ್ಡ ಲೇಖಕಿ ಆದ್ಲು, ಕಮ್ಯುನಿಸ್ಟರನ್ನ ಹುಡುಕಿ ಹುಡುಕಿ ಹಿಡೀತಿದ್ದ ಮೆಕಾರ್ಥಿ ಕಾಲದಲ್ಲಿ ಜೈಲಿಗೆ ಹಾಕಿದ್ರು, 1955ರ ಡಿಸೆಂಬರ್‌ನಲ್ಲಿ ದೇಶದಿಂದಲೇ ಗಡೀಪಾರು ಮಾಡಿದ್ರು. ಬ್ರಿಟಿಷ್ ಪ್ರಜೆ ಅಂತ ಲಂಡನ್‌ಗೆ ಬಂದು ಇಳಿದ್ಲು. ನೋಡಿ, ಅಮೆರಿಕಾದಿಂದ ಬಂದ ಪ್ರಭಾವ ಅಂದ್ರೆ ಇದು, ಅಮೆರಿಕಾ ಎತ್ತಿ ಆಚೆ ಹಾಕಿದ ಟ್ರಿನಿಡಾಡ್ ಹೆಣ್ಣುಮಗಳು. 1958ರ ಮಾರ್ಚ್‌ನಲ್ಲಿ ಬ್ರಿಕ್ಸ್‌ಟನ್ ರೋಡ್ 250ನೇ ನಂಬರಿನ ಒಂದು ರೆಕಾರ್ಡ್ ಅಂಗಡಿಯ ಮೇಲಿನ ಮಹಡಿಯಲ್ಲಿ ವೆಸ್ಟ್ ಇಂಡಿಯನ್ ಗೆಜೆಟ್ ಅಂತ ಪತ್ರಿಕೆ ಶುರು ಮಾಡಿದ್ಲು. ಕೈಯಲ್ಲಿ ಕಾಸಿಲ್ಲ, ಪ್ರಿಂಟರ್‌ಗೆ ಯಾವಾಗ್ಲೂ ಬಾಕಿ. ಆದ್ರೆ ಊರಿನ ಸುದ್ದಿ, ಇಲ್ಲಿನ ಕೋರ್ಟ್ ಸುದ್ದಿ, ಆಫ್ರಿಕಾದಲ್ಲಿ ಯಾವ ದೇಶ ಸ್ವತಂತ್ರ ಆಯ್ತು, ಎಲ್ಲಾ ಒಂದೇ ಕಡೆ. ಕೆಲಸ ಇಲ್ಲದೋರು, ಮನೆ ಖಾಲಿ ಮಾಡಿ ಅಂತ ನೋಟಿಸ್ ಬಂದೋರು ಆ ಮಹಡಿ ಹತ್ತಿ ಹೋಗ್ತಿದ್ರು, ಅರ್ಜಿ ಬರೆಸ್ಕೊಂಡು ಬರ್ತಿದ್ರು.

ಪತ್ರಿಕೆ ಶುರುವಾಗಿ ಐದಾರು ತಿಂಗಳಿಗೆ, ಆಗಸ್ಟ್ ಕೊನೆಯಲ್ಲಿ, ಮೊದ್ಲು ನಾಟಿಂಗ್‌ಹ್ಯಾಮ್ ಊರಲ್ಲಿ ಆಮೇಲೆ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಗಲಾಟೆ. ಬಿಳಿ ಹುಡುಗರ ಗುಂಪುಗಳು ಸರಪಳಿ, ಕಬ್ಬಿಣದ ರಾಡು ಹಿಡ್ಕೊಂಡು ಕಪ್ಪು ಜನರ ಮನೆಗಳ ಮೇಲೆ ರಾತ್ರಿ ರಾತ್ರಿ ಬಿದ್ರು. ಪೊಲೀಸರನ್ನ ನಂಬೋಕಾಗಲ್ಲ ಅಂತ ಜಮೈಕಾದೋರು ಕೆಲವು ಮನೆಗಳಲ್ಲಿ ಸೇರಿ ತಾವೇ ಎದುರು ನಿಂತ್ರು. ಇದಾದ ಮೇಲೆ ಸಭೆಯಲ್ಲಿ ಜೋನ್ಸ್, ನಮ್ಮ ಬಾಯಲ್ಲಿ ಉಳಿದಿರೋ ಈ ಗಲಾಟೆಯ ರುಚಿ ತೊಳೀಬೇಕು, ಕಾರ್ನಿವಲ್ ಮಾಡೋಣ ಅನ್ನೋ ಅರ್ಥದ ಮಾತಾಡಿದ್ಲು. ಟ್ರಿನಿಡಾಡ್‌ನಲ್ಲಿ ಕಾರ್ನಿವಲ್ ಫೆಬ್ರವರಿ ಮಾರ್ಚ್ ಕಡೆ ಬರುತ್ತೆ, ಲಂಡನ್ನಲ್ಲಿ ಆಗ ಮೈ ಕೊರೆಯೋ ಚಳಿ, ಹಾಗಾಗಿ 1959ರ ಜನವರಿ 30ಕ್ಕೆ ಸೇಂಟ್ ಪ್ಯಾಂಕ್ರಸ್ ಟೌನ್ ಹಾಲ್ ಒಳಗೆ ಮಾಡಿದ್ರು. ಸ್ಟೀಲ್ ಬ್ಯಾಂಡು, ಕ್ಯಾಲಿಪ್ಸೊ ಅನ್ನೋ ಟ್ರಿನಿಡಾಡ್ ಹಾಡು, ಸೌಂದರ್ಯ ಸ್ಪರ್ಧೆ, ಬಿಬಿಸಿ ಟೀವಿಯಲ್ಲೂ ಬಂತು. ಅವತ್ತು ಮಾರಿದ ಸ್ಮರಣ ಸಂಚಿಕೆಯ ದುಡ್ಡಲ್ಲಿ ಒಂದು ಭಾಗ ನಾಟಿಂಗ್ ಹಿಲ್ ಗಲಾಟೆ ಕೇಸಲ್ಲಿ ಸಿಕ್ಕಿಬಿದ್ದ ಹುಡುಗರ ದಂಡ ಕಟ್ಟೋಕೆ ಅಂತ ಆ ಸಂಚಿಕೆಯಲ್ಲೇ ಪ್ರಿಂಟ್ ಆಗಿದೆ. ಕಪ್ಪು ಹುಡುಗರದ್ದು ಮಾತ್ರ ಅಲ್ಲ, ಬಿಳಿ ಹುಡುಗರದ್ದೂ ಅಂತ ಬರೆದಿದೆ! ನೀವು ನೋಡಿದ ಬೀದಿ ಕಾರ್ನಿವಲ್ 1966ರದ್ದು, ಅದನ್ನ ಶುರು ಮಾಡಿದ್ದು ರೌನಿ ಲ್ಯಾಸ್ಲೆಟ್ ಅನ್ನೋ ಸಮಾಜ ಸೇವಕಿ, ಬಡಾವಣೆ ಮಕ್ಕಳಿಗೆ ಹಬ್ಬ ಅಂತ, ಅದಕ್ಕೆ ರಸೆಲ್ ಹೆಂಡರ್ಸನ್ ಸ್ಟೀಲ್ ಬ್ಯಾಂಡ್ ಕಟ್ಕೊಂಡು ಬೀದಿಗೆ ಇಳಿದಿದ್ದೇ ಜನ ಹಿಂದೆ ಹಿಂದೆ ಬಂದ್ರು. ಇವೆರಡರಲ್ಲಿ ಯಾವುದು ಅಸಲಿ ಶುರು ಅಂತ ಇವತ್ತಿಗೂ ಜಗಳ ಇದೆ, ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಜೋನ್ಸ್ ಆ ಬೀದಿ ಕಾರ್ನಿವಲ್ ನೋಡ್ಲಿಲ್ಲ. 1964ರ ಕ್ರಿಸ್‌ಮಸ್ ಹೊತ್ತಿಗೆ ತನ್ನ ಫ್ಲ್ಯಾಟಲ್ಲಿ ಒಬ್ಬಳೇ ಇದ್ದಾಗ ಹೃದಯ ನಿಂತು ಸತ್ಲು, 49 ವರ್ಷ. ಹೈಗೇಟ್ ಸ್ಮಶಾನದಲ್ಲಿ ಕಾರ್ಲ್ ಮಾರ್ಕ್ಸ್ ಸಮಾಧಿಯ ಎಡಪಕ್ಕ ಆಕೆಯದ್ದು.

ಮಧ್ಯೆ ಒಂದು ಸಾವು ಹೇಳ್ಲೇಬೇಕು. 1959ರ ಮೇ 17ಕ್ಕೆ, ನಡುರಾತ್ರಿ ದಾಟಿದ ಮೇಲೆ, ಕೆಲ್ಸೋ ಕಾಕ್ರೇನ್ ಅನ್ನೋ ಆಂಟಿಗಾದ ಬಡಗಿಯನ್ನ ನಾಟಿಂಗ್ ಹಿಲ್ ಹತ್ರನೇ ಬಿಳಿ ಹುಡುಗರ ಗುಂಪು ಚಾಕು ಹಾಕಿ ಕೊಂದ್ರು. ಇವತ್ತಿನವರೆಗೆ ಯಾರಿಗೂ ಶಿಕ್ಷೆ ಆಗಿಲ್ಲ. ಶವಯಾತ್ರೆಗೆ ಸಾವಿರಕ್ಕೂ ಹೆಚ್ಚು ಜನ ಬಂದ್ರು, ಕಪ್ಪು ಬಿಳಿ ಇಬ್ಬರೂ. ಜಮೈಕಾದೋನು ಬಾರ್ಬಡೋಸ್‌ನೋನನ್ನ ನೋಡಿ ಮೂಗು ಮುರಿಯೋದು, ದೊಡ್ಡ ದ್ವೀಪದೋರು ಸಣ್ಣ ದ್ವೀಪದೋರನ್ನ ಆಡ್ಕೊಳ್ಳೋದು ಆಗ ಬಹಳ ಇತ್ತು, ಒಬ್ಬ ಲೀಡರ್ ಹುಟ್ಟದೇ ಇರೋಕೆ ಇದೂ ಒಂದು ಕಾರಣ. ಅಂಥದ್ರಲ್ಲಿ ಒಬ್ಬ ಆಂಟಿಗಾದೋನಿಗೋಸ್ಕರ ಎಲ್ಲಾ ದ್ವೀಪದೋರೂ ಬೀದಿಗೆ ಬಂದ್ರು.

ನೌಕರಿ ಬಾಗಿಲು ಬ್ರಿಸ್ಟಲ್‌ನಲ್ಲಿ ಒಡೀತು. ಅಲ್ಲಿನ ಬಸ್ ಕಂಪನಿ ಕಪ್ಪು ಜನರನ್ನ ವರ್ಕ್‌ಶಾಪಲ್ಲಿ ಇಟ್ಕೊಳ್ತಿತ್ತು, ಡ್ರೈವರ್ ಕಂಡಕ್ಟರ್ ಮಾತ್ರ ಮಾಡ್ತಿರ್ಲಿಲ್ಲ, ಮಜಾ ಏನಂದ್ರೆ ಇದಕ್ಕೆ ಕಾರ್ಮಿಕ ಸಂಘದ್ದೂ ಒಪ್ಪಿಗೆ ಇತ್ತು, 1955ರಲ್ಲೇ ಅಲ್ಲಿನ ಶಾಖೆ ಹಂಗೆ ಠರಾವು ಮಾಡಿತ್ತು. ಓವರ್‌ಟೈಮ್ ಹೋಗುತ್ತೆ ಅನ್ನೋ ಭಯ, ಹೊರಗೆ ಹೇಳೋದು ಬೇರೆ. ರಾಯ್ ಹ್ಯಾಕೆಟ್, ಓವನ್ ಹೆನ್ರಿ ಮತ್ತೆ ಇನ್ನು ಕೆಲವರು, ಊರಲ್ಲಿದ್ದ ಹಳೇ ವೆಸ್ಟ್ ಇಂಡಿಯನ್ ಸಂಘ ಬರೀ ಮನವಿ ಕೊಡ್ತಾ ಕೂತಿದೆ ಅಂತ ಬೇಸತ್ತು ಹೊಸ ಗುಂಪು ಕಟ್ಟಿದ್ರು. ಊರಿನ ಯುವಜನರ ಕೆಲಸ ನೋಡ್ಕೊಳ್ತಿದ್ದ ಪಾಲ್ ಸ್ಟೀಫನ್‌ಸನ್ ಅನ್ನೋ ಅಧಿಕಾರಿ ಜೊತೆಗೆ ಸೇರ್ಕೊಂಡ, ಆತ ಕೆರಿಬಿಯನ್ ಅಲ್ಲ, ತಂದೆ ಪಶ್ಚಿಮ ಆಫ್ರಿಕಾದೋರು. ಆತ ಒಂದು ಸಣ್ಣ ಪರೀಕ್ಷೆ ಮಾಡ್ದ. ಗೈ ಬೇಯ್ಲಿ ಅಂತ ಜಮೈಕಾದ ಓದಿದ ಹುಡುಗನಿಗೆ ಕಂಡಕ್ಟರ್ ಕೆಲಸಕ್ಕೆ ಇಂಟರ್‌ವ್ಯೂ ಫಿಕ್ಸ್ ಮಾಡಿಸ್ದ, ಕಂಪನಿ ಬನ್ನಿ ಅಂತು, ಆಮೇಲೆ ಹುಡುಗ ವೆಸ್ಟ್ ಇಂಡಿಯನ್ ಅಂತ ಗೊತ್ತಾದ ತಕ್ಷಣ ಇಂಟರ್‌ವ್ಯೂ ಕ್ಯಾನ್ಸಲ್. ಸಾಕ್ಷಿ ಕೈಗೆ ಬಂತಲ್ಲ, 1963ರ ಏಪ್ರಿಲ್ ಕೊನೆಯಲ್ಲಿ ಬಸ್ ಬಹಿಷ್ಕಾರ ಅಂತ ಘೋಷಣೆ. ಅಮೆರಿಕಾದ ಮಾಂಟ್‌ಗೊಮರಿ ಊರಲ್ಲಿ ಕಪ್ಪು ಜನ ಬಸ್ ಬಹಿಷ್ಕಾರ ಮಾಡಿದ್ದನ್ನ ನೋಡಿ ಎತ್ಕೊಂಡ ಐಡಿಯಾ, ಇಲ್ಲಿ ಮಾತ್ರ ನೀವು ಕೇಳಿದ ಕಾಪಿ ಅನ್ನೋ ಮಾತು ಒಪ್ಕೊಳ್ಳೋಣ. ಆದ್ರೆ ಬ್ರಿಸ್ಟಲ್‌ನಲ್ಲಿದ್ದ ವೆಸ್ಟ್ ಇಂಡಿಯನ್ನರು ಮೂರು ಸಾವಿರದ ಆಸುಪಾಸು, ಅವರಷ್ಟೇ ಬಸ್ ಹತ್ತದೇ ಇದ್ರೆ ಕಂಪನಿಗೆ ಏನೂ ಆಗ್ತಿರ್ಲಿಲ್ಲ. ಯೂನಿವರ್ಸಿಟಿ ಹುಡುಗರು ಮೆರವಣಿಗೆ ಮಾಡಿದ್ರು, ಸ್ಥಳೀಯ ಲೇಬರ್ ಪಾರ್ಟಿ ನಾಯಕ ಟೋನಿ ಬೆನ್ ಮಾತಾಡಿದ್ರು, ಪೇಪರ್‌ಗಳು ಬರೆದ್ವು, ಆಮೇಲೆ ಲೀರಿ ಕಾನ್‌ಸ್ಟಂಟೈನ್ ಬಂದ್ರು.

ಕ್ರಿಕೆಟ್ ನೋಡೋರಿಗೆ ಈ ಹೆಸರು ಗೊತ್ತಿರ್ಬೇಕು, ವೆಸ್ಟ್ ಇಂಡೀಸ್ ಟೀಮಿನ ಮೊದಲ ದೊಡ್ಡ ಆಲ್‌ರೌಂಡರ್. ಆಗ ಅವರು ಲಂಡನ್ನಲ್ಲಿ ಟ್ರಿನಿಡಾಡ್ ಹೈಕಮಿಷನರ್. ಅವರಿಗೆ ಈ ಅವಮಾನ ಹೊಸದಲ್ಲ, 1943ರಲ್ಲಿ ಲಾರ್ಡ್ಸ್‌ನಲ್ಲಿ ಮ್ಯಾಚ್ ಆಡೋಕೆ ಬಂದಾಗ ಲಂಡನ್ನಿನ ಇಂಪೀರಿಯಲ್ ಹೋಟೆಲ್‌ನೋರು ಬುಕ್ ಮಾಡಿದ ರೂಮಲ್ಲಿ ಇರಿಸ್ಕೊಳ್ಳಲ್ಲ ಅಂದಿದ್ರು, ಕೇಸ್ ಹಾಕಿ 1944ರಲ್ಲಿ ಗೆದ್ದಿದ್ರು, ಸಿಕ್ಕ ಪರಿಹಾರ 5 ಗಿನಿ, ಅಂದ್ರೆ ಐದು ಪೌಂಡಿಗಿಂತ ಚೂರು ಜಾಸ್ತಿ! ಅಷ್ಟು ದೊಡ್ಡ ಆಟಗಾರನಿಗೆ ಅಷ್ಟು. ಬ್ರಿಸ್ಟಲ್ ವಿಷಯದಲ್ಲಿ ಅವರು ಬಸ್ ಕಂಪನಿಯ ಮೇಲಿನ ಮಾಲೀಕ ಸಂಸ್ಥೆವರೆಗೆ ಹೋಗಿ ಒತ್ತಡ ಹಾಕಿದ್ರು. ಹೈಕಮಿಷನರ್ ಸ್ಥಳೀಯ ಜಗಳಕ್ಕೆ ಕೈಹಾಕ್ತಾರೆ ಅಂತ ಅವರ ಸರ್ಕಾರಕ್ಕೆ ಇರಿಸುಮುರಿಸಾಯ್ತು. ಕೊನೆಗೆ 1963ರ ಆಗಸ್ಟ್ 28ಕ್ಕೆ ಕಂಪನಿ ಬಣ್ಣದ ನಿಷೇಧ ಕೈಬಿಟ್ಟೆ ಅಂತು, ಕಿಂಗ್ ವಾಷಿಂಗ್ಟನ್‌ನಲ್ಲಿ ಕನಸಿನ ಭಾಷಣ ಮಾಡಿದ್ದು ಅದೇ ದಿನ. ಸೆಪ್ಟೆಂಬರ್ 17ಕ್ಕೆ ಕೆಲಸಕ್ಕೆ ಸೇರಿದ ಮೊದಲನೇ ಬಿಳಿಯನಲ್ಲದ ಕಂಡಕ್ಟರ್ ಯಾರು ಗೊತ್ತಾ? ರಘಬೀರ್ ಸಿಂಗ್, ಒಬ್ಬ ಸಿಖ್. ಜಮೈಕಾದೋರು ಬಂದಿದ್ದು ಅದಾಗಿ ಸ್ವಲ್ಪ ದಿನಕ್ಕೆ.

ಸ್ಕೂಲಿನ ವಿಷಯಕ್ಕೆ ಬರ್ತೀನಿ, ಜನ ಇದನ್ನ ಬಹಳ ಕಮ್ಮಿ ಮಾತಾಡ್ತಾರೆ. ಕೆರಿಬಿಯನ್ ಮಕ್ಕಳನ್ನ ಭಾರೀ ಪ್ರಮಾಣದಲ್ಲಿ ಬುದ್ಧಿಮಾಂದ್ಯ ಮಕ್ಕಳ ಶಾಲೆಗೆ ಕಳಿಸ್ತಿದ್ರು. ಮಗು ಜಮೈಕಾ ಶೈಲಿಯಲ್ಲಿ ಮಾತಾಡುತ್ತೆ, ಟೀಚರ್‌ಗೆ ಅರ್ಥ ಆಗಲ್ಲ, ಇಂಗ್ಲಿಷ್ ಮಕ್ಕಳಿಗೆ ಅಂತ ಮಾಡಿದ ಐಕ್ಯೂ ಟೆಸ್ಟಲ್ಲಿ ಅಂಕ ಕಮ್ಮಿ, ಹಾಕು ಅಲ್ಲಿಗೆ. ಎರಡು ಪಾಳಿ ದುಡಿಯೋ ಅಪ್ಪ ಅಮ್ಮನಿಗೆ ವಿಶೇಷ ಶಾಲೆ ಅಂತ ಹೇಳಿದಾಗ ಒಳ್ಳೇ ಶಾಲೆ ಅಂತಾನೇ ತಿಳ್ಕೊಂಡು ಸಹಿ ಹಾಕಿದೋರಿದ್ರು. ಅಂಥ ಶಾಲೆಗಳಲ್ಲೇ ಪಾಠ ಮಾಡಿದ್ದ ಗ್ರೆನಡಾದ ಬರ್ನಾರ್ಡ್ ಕೋರ್ಡ್ 1971ರಲ್ಲಿ ಇದರ ಮೇಲೆ ಒಂದು ಸಣ್ಣ ಪುಸ್ತಕ ಬರೆದ, ಪಂಡಿತರಿಗಲ್ಲ, ತಂದೆ ತಾಯಿಗಳಿಗೆ ಅಂತ, ಸರಳವಾಗಿ. ಅದನ್ನ ಹಾಕಿದ್ದು ನ್ಯೂ ಬೀಕನ್ ಬುಕ್ಸ್, ಟ್ರಿನಿಡಾಡ್‌ನಲ್ಲಿ ಕಾರ್ಮಿಕ ಹೋರಾಟ ಮಾಡಿ ಬಂದಿದ್ದ ಜಾನ್ ಲ ರೋಸ್ ಮತ್ತೆ ಅವರ ಸಂಗಾತಿ ಸಾರಾ ವೈಟ್ 1966ರಲ್ಲಿ ಮನೆಯಲ್ಲೇ ಶುರು ಮಾಡಿದ ಪ್ರಕಾಶನ. ಪುಸ್ತಕ ಬರೋಕೆ ಮುಂಚೇನೇ, 1969ರಲ್ಲಿ, ಲ ರೋಸ್ ಮನೇಲಿ ಟ್ರಿನಿಡಾಡ್‌ನ ಹಳೇ ಹೋರಾಟಗಾರ ಜಾರ್ಜ್ ಪ್ಯಾಡ್‌ಮೋರ್ ಹೆಸರಲ್ಲಿ ಶನಿವಾರದ ಶಾಲೆ ನಡೀತಿತ್ತು. ಆಮೇಲೆ ಊರೂರಲ್ಲಿ ಅಂಥವು ಹುಟ್ಕೊಂಡ್ವು, ಚರ್ಚ್ ಹಾಲಲ್ಲಿ, ಮನೆಯ ಮುಂಗೋಣೆಯಲ್ಲಿ. ಶನಿವಾರ ಬೆಳಗ್ಗೆ ಲೆಕ್ಕ, ಇಂಗ್ಲಿಷು, ಜೊತೆಗೆ ಟೂಸಾನ್ ಲೂವರ್ಚರ್ ಯಾರು, ಹೈಟಿಯಲ್ಲಿ ಗುಲಾಮರು ದಂಗೆ ಎದ್ದು ಹೆಂಗೆ ಗೆದ್ರು ಅನ್ನೋ ಪಾಠ. ಪಾಠ ಹೇಳೋರಿಗೆ ಸಂಬಳ ಇಲ್ಲ, ಓಡಾಡೋದು, ಅಡುಗೆ ಮಾಡಿ ತರೋದು, ಮಕ್ಕಳನ್ನ ಎಳ್ಕೊಂಡು ಬರೋದು ಎಲ್ಲಾ ತಾಯಂದಿರು.

ಪೊಲೀಸ್ ವಿಷಯ. ಇಲ್ಲೊಂದು ಹೋಟ್ಲು ಕಥೆ ಇದೆ. ಟ್ರಿನಿಡಾಡ್‌ನ ಫ್ರ್ಯಾಂಕ್ ಕ್ರಿಚ್ಲೋ 1968ರಲ್ಲಿ ನಾಟಿಂಗ್ ಹಿಲ್‌ನ ಆಲ್ ಸೇಂಟ್ಸ್ ರೋಡಲ್ಲಿ ಮ್ಯಾಂಗ್ರೋವ್ ಅಂತ ರೆಸ್ಟೋರೆಂಟ್ ತೆಗೆದ. ಊರಿನ ಅಡುಗೆ, ರಾತ್ರಿ ತಡ ತನಕ ತೆರೆದಿರುತ್ತೆ, ಬೀದಿ ಹುಡುಗರಿಂದ ಹಿಡಿದು ಟ್ರಿನಿಡಾಡ್‌ನ ದೊಡ್ಡ ಲೇಖಕ ಸಿ.ಎಲ್.ಆರ್. ಜೇಮ್ಸ್ ತನಕ ಎಲ್ಲರೂ ಬರ್ತಿದ್ರು. ಮನೆ ತೊಂದರೆ, ಕೇಸ್ ತೊಂದರೆ ಅಂದ್ರೆ ಅಲ್ಲೇ ಯಾವುದಾದ್ರೂ ಟೇಬಲ್ಲಲ್ಲಿ ಪರಿಹಾರ. ಪೊಲೀಸರು 1969ರ ಜನವರಿಯಿಂದ 1970ರ ಜುಲೈ ಒಳಗೆ 12 ಸಲ ರೈಡ್ ಮಾಡಿದ್ರು, ಡ್ರಗ್ಸ್ ಇದೆ ಅಂತ, ಒಂದು ಸಲನೂ ಸಿಗ್ಲಿಲ್ಲ. ಅಷ್ಟು ಸಲ ಯಾಕೆ ಬಂದ್ರು ಅಂದ್ರೆ, ನನ್ನ ಲೆಕ್ಕದಲ್ಲಿ, ಜನ ಸೇರೋ ಜಾಗನೇ ಸಂಘಟನೆ ಅಂತ ಪೊಲೀಸರಿಗೆ ಚೆನ್ನಾಗಿ ಗೊತ್ತಿತ್ತು. 1970ರ ಆಗಸ್ಟ್ 9ಕ್ಕೆ ನೂರೈವತ್ತು ಜನ ಪೊಲೀಸ್ ಸ್ಟೇಷನ್ ಕಡೆ ಮೆರವಣಿಗೆ ಹೊರಟ್ರು, ಪೊಲೀಸರೇ ಅವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇದ್ರು, ತಳ್ಳಾಟ, ಅರೆಸ್ಟು, ಕೊನೆಗೆ ಒಂಬತ್ತು ಜನರ ಮೇಲೆ ದಂಗೆ ಕೇಸು.

ವಿಚಾರಣೆ ಓಲ್ಡ್ ಬೇಯ್ಲಿ ಕೋರ್ಟಲ್ಲಿ, 55 ದಿನ. ಆ ಒಂಬತ್ತರಲ್ಲಿ ಇಬ್ಬರು, ಡಾರ್ಕಸ್ ಹೌ ಮತ್ತೆ ಆಲ್ತಿಯಾ ಜೋನ್ಸ್ ಲೆಕ್ವಾಂತ್, ಲಾಯರ್ ಬೇಡ, ನಮ್ಮ ವಾದ ನಾವೇ ಮಾಡ್ತೀವಿ ಅಂದ್ರು, ಆಕೆ ಟ್ರಿನಿಡಾಡ್‌ನಿಂದ ಬಂದು ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡ್ತಿದ್ದೋಳು, ಬ್ರಿಟನ್‌ನ ಬ್ಲ್ಯಾಕ್ ಪ್ಯಾಂಥರ್ಸ್ ಅನ್ನೋ ಕಪ್ಪು ಜನರ ಹೋರಾಟದ ಸಂಘಟನೆ ನಡೆಸ್ತಿದ್ದೋಳು. ಮೊದಲನೇ ದಿನವೇ ಇಂಗ್ಲೆಂಡಿನ ಹಳೇ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾ ಎತ್ಕೊಂಡ್ರು. ನಮ್ಮ ಸಮಾನರೇ ನಮ್ಮನ್ನ ವಿಚಾರಣೆ ಮಾಡ್ಬೇಕು ಅಂತ ಅದ್ರಲ್ಲಿದೆಯಲ್ಲ, ಹಂಗಾದ್ರೆ ಜ್ಯೂರಿ ಪೂರ್ತಿ ಕಪ್ಪು ಜನ ಇರ್ಲಿ ಅಂದ್ರು. ಜಡ್ಜು ಒಪ್ಪಲಿಲ್ಲ. ಅದಕ್ಕೆ ಕಾನೂನು ಕೊಟ್ಟಿದ್ದ ಹಕ್ಕು ಉಪಯೋಗಿಸ್ಕೊಂಡು 63 ಜನರನ್ನ ಬೇಡ ಬೇಡ ಅಂತ ತಿರಸ್ಕರಿಸಿ ಕೊನೆಗೆ 12ರಲ್ಲಿ ಇಬ್ಬರು ಕಪ್ಪು ಜನರನ್ನ ಕೂರಿಸಿದ್ರು. 1971ರ ಡಿಸೆಂಬರ್‌ನಲ್ಲಿ ತೀರ್ಪು ಬಂತು, ದಂಗೆ ಆರೋಪದಿಂದ ಒಂಬತ್ತೂ ಜನ ಖುಲಾಸೆ, ಐದು ಜನರ ಮೇಲಿದ್ದ ಎಲ್ಲಾ ಆರೋಪನೂ ಬಿದ್ದೋಯ್ತು. ಅದಕ್ಕಿಂತ ದೊಡ್ಡದು ಜಡ್ಜ್ ಎಡ್ವರ್ಡ್ ಕ್ಲಾರ್ಕ್ ಹೇಳಿದ್ದು, ಜನಾಂಗ ದ್ವೇಷದ ಸಾಕ್ಷಿ ಎರಡೂ ಕಡೆ ಕಾಣ್ತಿದೆ ಅಂತ. ಪೊಲೀಸರ ಕಡೆಯಿಂದ ದ್ವೇಷ ಇತ್ತು ಅಂತ ಬ್ರಿಟಿಷ್ ಜಡ್ಜ್ ಒಬ್ಬ ಕೋರ್ಟಲ್ಲಿ ಒಪ್ಕೊಂಡಿದ್ದು ಅದೇ ಮೊದ್ಲು, ಆ ಮಾತು ವಾಪಸ್ ತಗೊಳ್ಳಿ ಅಂತ ಪೊಲೀಸ್ ಇಲಾಖೆ ಒತ್ತಡ ಹಾಕಿದ್ರೂ ತಗೊಳ್ಳಲಿಲ್ಲ. ಆದ್ರೂ ಕ್ರಿಚ್ಲೋನನ್ನ ಬಿಡ್ಲಿಲ್ಲ ನೋಡಿ, 1988ರಲ್ಲಿ ಮತ್ತೆ ಡ್ರಗ್ಸ್ ಕೇಸ್ ಹಾಕಿದ್ರು, ಅದ್ರಲ್ಲೂ ಖುಲಾಸೆ ಆಗಿ 1992ರಲ್ಲಿ ಪೊಲೀಸರೇ ಅವನಿಗೆ 50,000 ಪೌಂಡ್ ಪರಿಹಾರ ಕಟ್ಬೇಕಾಯ್ತು.

ಇನ್ನೊಂದು ದಿನಾಂಕ ನೆನಪಿಟ್ಕೊಳ್ಳಿ, 1981ರ ಜನವರಿ 18. ದಕ್ಷಿಣ ಲಂಡನ್ನಿನ ನ್ಯೂ ಕ್ರಾಸ್ ರೋಡಲ್ಲಿ ಒಂದು ಹುಟ್ಟುಹಬ್ಬದ ಪಾರ್ಟಿ ನಡೀತಿದ್ದ ಮನೆಗೆ ಬೆಳಗಿನ ಜಾವ ಬೆಂಕಿ ಬಿದ್ದು 13 ಜನ ಕಪ್ಪು ಹುಡುಗ ಹುಡುಗಿಯರು ಸತ್ರು. ಯಾರೋ ಬೇಕಂತಲೇ ಹಚ್ಚಿದ್ರು ಅಂತ ಜನಕ್ಕೆ ಅನುಮಾನ, ಆ ಕಡೆ ಅಂಥ ದಾಳಿಗಳು ಮುಂಚೆ ಆಗಿದ್ವು. ಪ್ರಧಾನಿ ಥ್ಯಾಚರ್ ಕಡೆಯಿಂದ ವಾರಗಟ್ಟಲೆ ಒಂದು ಸಂತಾಪದ ಮಾತಿಲ್ಲ, ರಾಣಿ ಕಡೆಯಿಂದಲೂ ಇಲ್ಲ. ಹದಿಮೂರು ಜನ ಸತ್ರು, ಯಾರೂ ಬಾಯಿಬಿಡ್ಲಿಲ್ಲ ಅನ್ನೋ ಘೋಷಣೆ ಅಲ್ಲಿಂದಲೇ ಬಂದಿದ್ದು. ಒಂದು ವಾರದೊಳಗೆ ಮೂನ್‌ಶಾಟ್ ಅನ್ನೋ ಯುವಕರ ಕ್ಲಬ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ ಸೇರಿದ್ರು, ಲ ರೋಸ್ ಅಧ್ಯಕ್ಷತೆಯಲ್ಲಿ ಸಮಿತಿ ಆಯ್ತು, ಮಾರ್ಚ್ 2ಕ್ಕೆ ಮೆರವಣಿಗೆ ಅಂತ ತೀರ್ಮಾನ. ಆ ದಿನ ಸೋಮವಾರ. ಭಾನುವಾರ ಮಾಡಿದ್ರೆ ಯಾರಿಗೂ ತೊಂದ್ರೆ ಇಲ್ಲ, ಕೆಲಸದ ದಿನ ಲಂಡನ್ ನಿಲ್ಲಬೇಕು ಅನ್ನೋ ಲೆಕ್ಕ. ಸಂಘಟಕರ ಪ್ರಕಾರ 20,000 ಜನ ಬಂದ್ರು, ಬೇರೆ ಊರುಗಳಿಂದ ಕೋಚ್ ಬಸ್ ಮಾಡ್ಕೊಂಡು, ಸ್ಕೂಲು ಮಕ್ಕಳು ಕ್ಲಾಸ್ ಬಿಟ್ಟು ಬಂದ್ರು. ನ್ಯೂ ಕ್ರಾಸ್‌ನಿಂದ ಹೊರಟು ಬ್ಲ್ಯಾಕ್‌ಫ್ರೈಯರ್ಸ್ ಸೇತುವೆ ದಾಟಿ ಪತ್ರಿಕಾ ಕಚೇರಿಗಳಿದ್ದ ಫ್ಲೀಟ್ ಸ್ಟ್ರೀಟ್ ಮೇಲೆ ಹೈಡ್ ಪಾರ್ಕ್‌ಗೆ. ಫ್ಲೀಟ್ ಸ್ಟ್ರೀಟಲ್ಲಿ ಮೇಲಿನ ಕಿಟಕಿಗಳಿಂದ ಕೆಲವರು ಮಂಗನ ತರ ಸದ್ದು ಮಾಡಿ ಅಣಕಿಸಿದ್ರು ಅಂತ ನಡೆದೋರು ಹೇಳ್ತಾರೆ. ಅದಾಗಿ ಮುಂದಿನ ತಿಂಗಳು ಬ್ರಿಕ್ಸ್‌ಟನ್‌ನಲ್ಲಿ ಪೊಲೀಸರು ಕೆಲವೇ ದಿನದಲ್ಲಿ ಸಾವಿರದ ಹತ್ತಿರ ಹತ್ತಿರ ಜನರನ್ನ ಬೀದಿಯಲ್ಲಿ ನಿಲ್ಲಿಸಿ ಜೇಬು ತಡಕಿದ್ರು, ಅಲ್ಲಿಗೆ ಬ್ರಿಕ್ಸ್‌ಟನ್ ಹತ್ಕೊಂಡು ಉರೀತು. ಅನುಮಾನ ಬಂತು ಅಂತಷ್ಟಕ್ಕೇ ಯಾರನ್ನ ಬೇಕಾದ್ರೂ ಹಿಡಿಯೋಕೆ ಬಿಡ್ತಿದ್ದ 1824ರ ಕಾಲದ ಅಲೆಮಾರಿ ಕಾನೂನಿನ ಆ ಕಲಮು ಅದೇ ವರ್ಷ ರದ್ದಾಯ್ತು. ಅದರ ಹಿಂದೆ ವರ್ಷಗಟ್ಟಲೆ ಸಹಿ ಸಂಗ್ರಹ ಮಾಡಿದ್ದು ಮತ್ತೆ ಅದೇ ತಾಯಂದಿರ ಗುಂಪುಗಳು. ಬೆಂಕಿ ಹೆಂಗೆ ಹತ್ತಿತು ಅಂತ ಮಾತ್ರ 1981, 2004 ಎರಡೂ ವಿಚಾರಣೆಯಲ್ಲಿ ತೀರ್ಮಾನ ಆಗ್ಲಿಲ್ಲ.

ಇಂಡಿಯಾದೋರು ಇದ್ರಾ ಅಂದ್ರಲ್ಲ. ಒಳಗೇ ಇದ್ರು ಸರ್. ಪುಣೆಯಿಂದ ಹೋದ ಫರೂಕ್ ಧೋಂಡಿ, ಆಮೇಲೆ ಫೂಲನ್ ದೇವಿ ಮೇಲೆ ಪುಸ್ತಕ ಬರೆದ ಮಾಲಾ ಸೇನ್, ಇಬ್ಬರೂ ಬ್ಲ್ಯಾಕ್ ಪ್ಯಾಂಥರ್ಸ್‌ನಲ್ಲಿದ್ರು, ಆಮೇಲೆ ಡಾರ್ಕಸ್ ಹೌ ಸಂಪಾದಕನಾಗಿದ್ದ ರೇಸ್ ಟುಡೇ ಪತ್ರಿಕೆಯ ಬಳಗದಲ್ಲೂ ಇದ್ರು. ಆ ಬಳಗ ಬರೀ ಪತ್ರಿಕೆ ಮಾಡ್ಕೊಂಡು ಕೂರ್ಲಿಲ್ಲ, ಪೂರ್ವ ಲಂಡನ್ನಲ್ಲಿ ಮನೆ ಸಿಗದೆ ಒದ್ದಾಡ್ತಿದ್ದ ಬಂಗಾಳಿ ಕುಟುಂಬಗಳು ಖಾಲಿ ಬಿದ್ದ ಸರ್ಕಾರಿ ಮನೆಗಳಿಗೆ ನುಗ್ಗಿ ಸೇರ್ಕೊಳ್ಳೋಕೆ ಜೊತೆ ನಿಂತ್ರು, 1976ರಲ್ಲಿ ಅದಕ್ಕೊಂದು ಸಂಘಟನೆನೇ ಆಯ್ತು. ಖಾಲಿ ಮನೆ ಹಿಡಿಯೋ ಈ ಕಲೆ ಬ್ರಿಕ್ಸ್‌ಟನ್‌ನಲ್ಲಿ ಕಲಿತಿದ್ದು, ಜಮೈಕಾದ ಆಲಿವ್ ಮಾರಿಸ್ ಅನ್ನೋ ಹುಡುಗಿ 1973ರಲ್ಲೇ ರೇಲ್ಟನ್ ರೋಡ್ 121ನೇ ನಂಬರಿಗೆ ನುಗ್ಗಿ ಹಿಡಿದಿದ್ಲು, ಎಬ್ಬಿಸೋಕೆ ಬಂದಾಗ ಮಾಡು ಹತ್ತಿ ಕೂತಿದ್ಲು. 27ಕ್ಕೇ ಕ್ಯಾನ್ಸರ್ ಬಂದು ಹೋದ್ಲು ಪಾಪ. ಆ ಕಾಲದಲ್ಲಿ ಏಷ್ಯಾದ ಎಷ್ಟೋ ಹುಡುಗರು ರಾಜಕೀಯವಾಗಿ ನಾವೂ ಕಪ್ಪು ಜನನೇ ಅಂತಿದ್ರು, 1980ರ ದಶಕ ಕಳೀತಿದ್ದಂಗೆ ಅದು ಸಡಿಲ ಆಯ್ತು, ಸರ್ಕಾರದ ಅನುದಾನ ಜನಾಂಗ ಜನಾಂಗಕ್ಕೆ ಬೇರೆ ಬೇರೆ ಬರೋಕೆ ಶುರುವಾಯ್ತು ಅನ್ನೋದೂ ಅದಕ್ಕೆ ಒಂದು ಕಾರಣ. ಅವರವರ ಹಾಲು, ಅವರವರ ಫೈಲು.

ಮತ್ತೆ ಲಂಡನ್‌ಗೆ ಹೋದ್ರೆ ಕಾರ್ನಿವಲ್ ಜೊತೆಗೆ ಎರಡು ಕಡೆ ಹೋಗಿ ಬನ್ನಿ. ಬ್ರಿಕ್ಸ್‌ಟನ್‌ನ ವಿಂಡ್‌ರಶ್ ಸ್ಕ್ವೇರ್‌ನಲ್ಲಿ ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್ ಇದೆ, ಇದನ್ನ ಕಟ್ಟೋ ಕೆಲಸ ಶುರುವಾಗಿದ್ದೂ 1981ರಲ್ಲೇ. ಇನ್ನೊಂದು ಉತ್ತರ ಲಂಡನ್ನಿನ ಸ್ಟ್ರೌಡ್ ಗ್ರೀನ್ ರೋಡ್ 76ನೇ ನಂಬರು, ಲ ರೋಸ್ ಅವರ ಪುಸ್ತಕದಂಗಡಿ ಇದ್ದ ಕಟ್ಟಡ, ಅವರ ಕಾಗದಪತ್ರ ಎಲ್ಲಾ ಜಾರ್ಜ್ ಪ್ಯಾಡ್‌ಮೋರ್ ಇನ್‌ಸ್ಟಿಟ್ಯೂಟ್ ಅಂತ ಮೇಲಿನ ಮಹಡಿಯಲ್ಲಿ ಇಟ್ಟಿದಾರೆ. ಹೋಗೋಕೆ ಮುಂಚೆ ಫೋನ್ ಮಾಡಿ ಟೈಮ್ ತಗೊಳ್ಳಿ, ದಿನಾ ತೆಗೆದಿರಲ್ಲ. ಕಾಗದ ಇಟ್ಕೊಳ್ಳೋದು ಈ ಜನಕ್ಕೆ ಹವ್ಯಾಸ ಅಲ್ಲ ಅನ್ನೋದು 2018ರಲ್ಲಿ ಎಲ್ಲರಿಗೂ ಗೊತ್ತಾಯ್ತು. ಚಿಕ್ಕ ಮಕ್ಕಳಾಗಿ ಕಾನೂನುಬದ್ಧವಾಗೇ ಬಂದು ಐವತ್ತು ವರ್ಷ ದುಡಿದು ಟ್ಯಾಕ್ಸ್ ಕಟ್ಟಿದೋರನ್ನ ದಾಖಲೆ ತೋರ್ಸಿ ಅಂತ ಕೆಲಸದಿಂದ ತೆಗೆದ್ರು, ಆಸ್ಪತ್ರೆಯಲ್ಲಿ ಚಿಕಿತ್ಸೆ ನಿಲ್ಲಿಸಿದ್ರು, ಕೆಲವರನ್ನ ಗಡೀಪಾರೂ ಮಾಡಿದ್ರು, ಅವರು ಬಂದಿಳಿದಾಗಿನ ಕಾರ್ಡುಗಳನ್ನ ಗೃಹ ಇಲಾಖೆನೇ 2010ರಲ್ಲಿ ನಾಶ ಮಾಡಿತ್ತು. ಗೃಹ ಸಚಿವೆ ಆಂಬರ್ ರಡ್ 2018ರ ಏಪ್ರಿಲ್ 29ಕ್ಕೆ ರಾಜೀನಾಮೆ ಕೊಟ್ರು, 2019ರಲ್ಲಿ ಪರಿಹಾರದ ಯೋಜನೆ ಬಂತು, ದುಡ್ಡು ಕೈಗೆ ಸಿಗೋ ಮುಂಚೆ ತೀರ್ಕೊಂಡೋರೂ ಇದಾರೆ, ಇವತ್ತಿಗೂ ಆ ಅರ್ಜಿ ತುಂಬೋಕೆ ವಯಸ್ಸಾದೋರು ಹೋಗೋದು ಚರ್ಚ್ ಹಾಲಿಗೋ ಬಡಾವಣೆಯ ಕಾನೂನು ಸಲಹಾ ಕೇಂದ್ರಕ್ಕೋ.